ನಂಬಿಕೆಯ ಮೊದಲ ಕಂತು ಯಾರದು?

ತಂಡ ಕಟ್ಟುವುದನ್ನು ಕಲಿಸುವ ತರಬೇತುದಾರರಿಗೂ, ಅದನ್ನು ಕಲಿತು ಬಂದು ಕುರ್ಚಿಯಲ್ಲಿ ಕೂರುವ ಅಧಿಕಾರಿ, ವ್ಯವಸ್ಥಾಪಕ, ಅಧ್ಯಕ್ಷರೆಲ್ಲರಿಗೂ ಕುಂದಗೋಳ ತಾಲೂಕಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದ ಹೋಟೆಲುಗಳ ಸಭಾಂಗಣಗಳಲ್ಲಿ, ಕಾಲೇಜುಗಳಲ್ಲಿ, ಸರಕಾರಿ ತರಬೇತಿ ಕೇಂದ್ರಗಳಲ್ಲಿ ನೀವು ನಾಯಕತ್ವದ ಪಾಠ ಹೇಳುತ್ತೀರಿ. ಸಹಾನುಭೂತಿ, ವಿಶ್ವಾಸ, ಸಹಯೋಗ ಎಂಬ ಮೂರು ಮಾತು ಆ ಪಾಠದಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಮೂರೂ ನನಗೆ ಪ್ರಿಯವಾದ ಮಾತುಗಳೇ. ಅವು ಇಲ್ಲದ ಕಚೇರಿ ಹೇಗಿರುತ್ತದೆ, ಸೊಸೈಟಿ ಹೇಗಿರುತ್ತದೆ ಎಂದು ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೌಂಟರಿನ ಈಚೆ ನಿಂತವರು ನಾವೇ. ಹಾಗಾಗಿ ಈ ಪತ್ರ ನಿಮ್ಮ ಪಾಠದ ವಿರುದ್ಧ ಅಲ್ಲ. ಅದರಲ್ಲಿ ಬಿಟ್ಟುಹೋಗುತ್ತಿರುವ ಒಂದು ಸಂಗತಿಯನ್ನು ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಬಿಟ್ಟುಹೋಗುತ್ತಿರುವುದು ಒಂದು ಪ್ರಶ್ನೆ: ನಂಬಿಕೆಯ ಮೊದಲ ಕಂತನ್ನು ಯಾರು ಕಟ್ಟಬೇಕು? ಕೆಳಗಿನವರು ಮೇಲಿನವರನ್ನು ನಂಬುವಂತೆ ಮಾಡುವುದು ಹೇಗೆ ಎಂದು ನೀವು ದಿನಗಟ್ಟಲೆ ಕಲಿಸುತ್ತೀರಿ. ಈ ಧಾರವಾಡ ಜಿಲ್ಲೆಯ ನೂರು ವರ್ಷಗಳ ಅನುಭವ ಬೇರೆ ಹೇಳುತ್ತದೆ. ಬೀಜ, ಹಣ, ನೀರು, ಅಧಿಕಾರ, ಮಾಹಿತಿ, ಯಾವುದೇ ಇರಲಿ, ಅದು ಯಾರ ಕೈಯಲ್ಲಿ ಹೆಚ್ಚಿದೆಯೋ ಅವರು ಮೊದಲು ನಂಬಬೇಕು, ನಷ್ಟದ ಅಪಾಯವನ್ನು ಮೊದಲು ತಾವು ಹೊರಬೇಕು. ಹಾಗೆ ನಡೆದಲ್ಲಿ ತಂಡ ಕಟ್ಟಿಕೊಂಡಿದೆ. ತಿರುಗುಮುರುಗಾದಲ್ಲಿ ಎಂಥ ಯೋಜನೆಯೂ ಕುಸಿದಿದೆ. ಎರಡಕ್ಕೂ ಉದಾಹರಣೆ ನಿಮ್ಮ ಸಭಾಂಗಣದಿಂದ ಒಂದು-ಎರಡು ತಾಸಿನ ದಾರಿಯಲ್ಲಿವೆ.

ಮೊದಲು ತೀರ್ಥ ಎಂಬ ಊರಿಗೆ ಬನ್ನಿ. ಕುಂದಗೋಳ ತಾಲೂಕಿನ ಈ ಹಳ್ಳಿಯಲ್ಲಿ 2018ರಲ್ಲಿ ಹದಿನೈದು ಹೆಣ್ಣುಮಕ್ಕಳು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಬೀಬಿಜಾನ್ ಹಳೇಮನಿ ಅದರ ಮುಂದಾಳು. ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆ ಬೆನ್ನಿಗೆ ನಿಂತಿತು. ಸಾವಿ, ನವಣಿ, ಬರಗದಂಥ ಸಿರಿಧಾನ್ಯಗಳ ದೇಸಿ ತಳಿಗಳನ್ನು ಕೂಡಿಹಾಕಿ ಬೀಜ ಬ್ಯಾಂಕು ಮಾಡಿದರು. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಸೆಲ್ಕೊ ಫೌಂಡೇಶನ್‌ಗಳ ನೆರವಿನಿಂದ ಸೌರವಿದ್ಯುತ್ತಿನಲ್ಲಿ ನಡೆಯುವ ಸಂಸ್ಕರಣಾ ಘಟಕವನ್ನು ಕಟ್ಟಿಕೊಂಡರು. ಮುಂದೆ ದೇವಧಾನ್ಯ ಎಂಬ ರೈತ ಉತ್ಪಾದಕ ಕಂಪನಿಯೂ ಹುಟ್ಟಿತು. 2025ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ನೂರಕ್ಕೂ ಹೆಚ್ಚು ದೇಶಗಳಿಂದ ಬಂದ ಸುಮಾರು 700 ನಾಮನಿರ್ದೇಶನಗಳಲ್ಲಿ ಆಯ್ಕೆಯಾದವು ಹತ್ತೇ ಸಂಘಟನೆಗಳು, ಅವುಗಳಲ್ಲಿ ಕುಂದಗೋಳದ ಹಳ್ಳಿಯದೊಂದು. ಪ್ರಶಸ್ತಿಯ ಮೊತ್ತ 10,000 ಡಾಲರ್. ಜಗತ್ತು ಜೀವವೈವಿಧ್ಯದ ನೊಬೆಲ್ ಎಂದು ಕರೆಯುವ ಈ ಗೌರವ ಎರಿ ಹೊಲದ ಹೆಣ್ಣುಮಕ್ಕಳಿಗೆ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು.

ಹೆಮ್ಮೆಪಟ್ಟು ಅಲ್ಲಿಗೇ ಬಿಡಬಾರದು. ಆ ಕೆಲಸ ಹೇಗೆ ನಡೆಯಿತು ಎಂಬುದು ನಿಮಗೂ ನನಗೂ ಪಾಠವಾಗಬೇಕು.

ಸಿರಿಧಾನ್ಯಗಳು ನಮ್ಮ ಹೊಲಗಳಿಂದ ಯಾಕೆ ಹೋದವು? ಹೈಬ್ರಿಡ್ ಹತ್ತಿ ಬಂತು, ಗೋವಿನಜೋಳ ಬಂತು, ಪಡಿತರದ ಅಕ್ಕಿ ಬಂತು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಇನ್ನೊಂದು ಕಾರಣವನ್ನು ಬಹಳ ದಿನ ಯಾರೂ ಗಣನೆಗೇ ತೆಗೆದುಕೊಳ್ಳಲಿಲ್ಲ. ಜೋಳವನ್ನು ರಾಶಿ ಮಾಡಿ ನೇರವಾಗಿ ಗಿರಣಿಗೆ ಒಯ್ಯಬಹುದು. ಸಾವಿ, ನವಣಿ, ಬರಗ, ಊದಲು ಹಾಗಲ್ಲ. ಅವುಗಳ ಕಾಳಿಗೆ ಗಟ್ಟಿ ಸಿಪ್ಪೆ. ಅದನ್ನು ಬಿಡಿಸಿದರೆ ಮಾತ್ರ ಅಕ್ಕಿ. ಒಳಕಲ್ಲಿಗೆ ಹಾಕಿ ಒನಕೆಯಿಂದ ಕುಟ್ಟುವುದು, ಕೇರುವುದು, ಕಲ್ಲು ಆರಿಸುವುದು, ಮತ್ತೆ ಕುಟ್ಟುವುದು, ಇದೆಲ್ಲ ಹೆಣ್ಣುಮಕ್ಕಳ ಪಾಲು. ಹೊಲದ ಕೂಲಿ ಮುಗಿಸಿ ಬಂದ ಮೇಲೆ ಆಗಬೇಕಾದ ಕೆಲಸ ಅದು. ನವಣಿ ಒಳ್ಳೆಯದು, ಆರೋಗ್ಯಕ್ಕೆ ಹಿತ, ಕಡಿಮೆ ಮಳೆಗೂ ಬೆಳೆಯುತ್ತದೆ ಎಂದು ಎಷ್ಟು ಭಾಷಣ ಮಾಡಿದರೂ ಕುಟ್ಟುವ ಕೈಗಳ ನೋವು ಕಡಿಮೆಯಾಗದೆ ಬೆಳೆ ಮರಳಿ ಬರುವಂತಿರಲಿಲ್ಲ.

ತೀರ್ಥದಲ್ಲಿ ಕಲ್ಲು ಬೇರ್ಪಡಿಸುವ, ಸಿಪ್ಪೆ ತೆಗೆಯುವ ಯಂತ್ರ ಊರಿಗೇ ಬಂದದ್ದರಿಂದ, ಅದಕ್ಕೆ ಬೇಕಾದ ವಿದ್ಯುತ್ತು ಚಾವಣಿಯ ಮೇಲೆಯೇ ಹುಟ್ಟಿದ್ದರಿಂದ, ಅದರ ಉಸ್ತುವಾರಿ ಆ ಹೆಣ್ಣುಮಕ್ಕಳ ಕೈಯಲ್ಲೇ ಇದ್ದದ್ದರಿಂದ ಕೆಲಸ ಮುಂದೆ ಹೋಯಿತು. ಸಹಾನುಭೂತಿ ಎಂದರೆ ಇದು ಎಂದು ನಾನು ನಂಬಿದ್ದೇನೆ. ಯಾರ ಮೈಮೇಲೆ ಭಾರ ಬೀಳುತ್ತಿದೆ ಎಂದು ಮೊದಲು ತಿಳಿಯಬೇಕು, ಆಮೇಲೆ ಆ ಭಾರವನ್ನು ಅಲ್ಲಿಂದ ಇಳಿಸಬೇಕು. ನಿಮ್ಮ ತರಬೇತಿಯಲ್ಲಿ ಮೊದಲ ಅರ್ಧವನ್ನು ಚೆನ್ನಾಗಿ ಕಲಿಸುತ್ತೀರಿ: ಕಣ್ಣಲ್ಲಿ ಕಣ್ಣಿಟ್ಟು ಕೇಳಿ, ಮಾತು ಕತ್ತರಿಸಬೇಡಿ, ಎದುರಿನವರ ಜಾಗದಲ್ಲಿ ನಿಂತು ನೋಡಿ. ಕೇಳಿಸಿಕೊಂಡ ಮೇಲೆ ಕೆಲಸದ ಪಟ್ಟಿ ಬದಲಾಗದಿದ್ದರೆ, ಸಂಬಳ ಬದಲಾಗದಿದ್ದರೆ, ವೇಳೆ ಬದಲಾಗದಿದ್ದರೆ ಕೇಳಿಸಿಕೊಂಡದ್ದರಿಂದ ಯಾರಿಗೆ ಉಪಯೋಗವಾಯಿತು? ನೋವು ಹೇಳಿಕೊಂಡವರಿಗೆ ಹೇಳಿಕೊಂಡ ದಣಿವೂ ಸೇರಿತು, ಅಷ್ಟೆ.

ಈಗ ವಿಶ್ವಾಸದ ಮಾತು. ಇಂಥ ಸಮುದಾಯ ಬೀಜ ಬ್ಯಾಂಕುಗಳ ರೂಢಿ ಸರಳ: ಬಿತ್ತಿಗೆಯ ಹೊತ್ತಿಗೆ ಬೀಜ ಒಯ್ಯಿರಿ, ಸುಗ್ಗಿಯಾದ ಮೇಲೆ ಎರಡರಷ್ಟು ಮರಳಿಸಿ. ಕಾಗದದ ಆಧಾರವಿಲ್ಲ, ಅಡವು ಇಲ್ಲ. ಮಳೆ ಕೈಕೊಟ್ಟರೆ ಬೀಜ ಹೋಯಿತು. ಬೀಜ ಇಟ್ಟುಕೊಂಡವರು ಆ ನಷ್ಟಕ್ಕೆ ಮೊದಲೇ ಸಿದ್ಧರಾಗಿ ಕೊಡುತ್ತಾರೆ. ಹಾಗೆ ಕೊಟ್ಟದ್ದರಿಂದಲೇ ಒಯ್ದ ರೈತನಿಗೆ ಮರಳಿಸುವ ಹೊಣೆ ಬರುತ್ತದೆ, ಮುಂದಿನ ವರ್ಷ ಇನ್ನೊಬ್ಬ ರೈತನಿಗೆ ಬೀಜ ಸಿಗುತ್ತದೆ. ಮೊದಲ ಕಂತು ಕಟ್ಟಿದವರು ಯಾರು ಎಂಬುದು ಇಲ್ಲಿ ಎಲ್ಲರಿಗೂ ಕಾಣುತ್ತದೆ.

ಸ್ವಸಹಾಯ ಸಂಘ ಎಂಬ ಪದ್ಧತಿಯೇ ಇಂಥ ತಿರುವಿನಲ್ಲಿ ರೂಪು ಪಡೆಯಿತು. 1984-85ರ ಹೊತ್ತಿಗೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಮುಂದಾಳುಗಳ ಮೇಲೆ ಸದಸ್ಯರಿಗೆ ಭರವಸೆ ಉಳಿದಿರಲಿಲ್ಲ. ಸಾಲ ಪಡೆದವರು ಮೈರಾಡಕ್ಕೆ ಬಂದು, ಹಣವನ್ನು ನಿಮಗೆ ಕಟ್ಟುತ್ತೇವೆ, ಆ ಸೊಸೈಟಿಗೆ ಕಟ್ಟುವುದಿಲ್ಲ ಎಂದರು. ಸಂಸ್ಥೆ ಹಣವನ್ನು ತನ್ನ ಪೆಟ್ಟಿಗೆಗೆ ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡದೆ, ನೀವು ಪರಸ್ಪರ ನಂಬುವ ನಿಮ್ಮ ಸಣ್ಣ ಗುಂಪಿಗೇ ಅದನ್ನು ಕಟ್ಟಿಕೊಳ್ಳಿ, ನೀವೇ ನಡೆಸಿ ಎಂದಿತು. ತನಗೆ ಬರಬೇಕಾದ ಹಣದ ಮೇಲಿನ ಹಿಡಿತವನ್ನು ಸಂಸ್ಥೆ ತಾನೇ ಸಡಿಲಿಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಮಾಡಿದ್ದರ ಹಿಂದೆ ಈ ಅನುಭವವಿತ್ತು. ಇವತ್ತು ದೇಶದ ಯಾವ ಹಳ್ಳಿಗೆ ಹೋದರೂ ಸಂಘದ ಪುಸ್ತಕ ಹಿಡಿದ ಹೆಣ್ಣುಮಕ್ಕಳು ಸಿಗುತ್ತಾರೆ.

ಆ ಪುಸ್ತಕವನ್ನು ಒಮ್ಮೆ ನೋಡಿ. ವಾರದ ಸಭೆಯಲ್ಲಿ ಎಲ್ಲರೆದುರು ಓದುತ್ತಾರೆ: ಯಾರು ಎಷ್ಟು ಉಳಿಸಿದರು, ಯಾರ ಬಾಕಿ ಎಷ್ಟು, ಯಾಕೆ ಬಾಕಿ. ಗಂಡ ಆಸ್ಪತ್ರೆ ಸೇರಿದ, ಎಮ್ಮೆ ಸತ್ತಿತು, ಈ ವಾರ ಆಗೋದಿಲ್ರಿ ಎಂದು ಹೇಳಲು ಅಲ್ಲಿ ಜಾಗವಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳ ಲೆಕ್ಕ ಹೆಚ್ಚು ಇರುವುದು ಕಂಡುಬಂತು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಭಯವಿರಲಿಲ್ಲ, ಬೇರೆಡೆ ಮುಚ್ಚಿಡುತ್ತಿದ್ದರು. ಈ ಅಧ್ಯಯನವನ್ನು ನೀವು ಬಲ್ಲಿರಿ, ಪಾಠದಲ್ಲಿ ಹೇಳುತ್ತೀರಿ ಕೂಡ. ಹಾಗಾದರೆ ನಿಮ್ಮ ಪಾಠ ಕೇಳಿಹೋದ ಅಧಿಕಾರಿಯ ಕಚೇರಿಯಲ್ಲಿ, ಗುರಿ ಮುಟ್ಟಿಲ್ಲ ಎಂದು ಹೇಳಿದ ಕೆಳಗಿನ ಸಿಬ್ಬಂದಿಗೆ ಅದೇ ದಿನ ನೋಟಿಸು ಯಾಕೆ ಸಿಗುತ್ತದೆ? ನೋಟಿಸಿಗೆ ಹೆದರಿ ಸುಳ್ಳು ಅಂಕಿ ತುಂಬಿದ ವರದಿಗಳ ಮೇಲೆ ಎಷ್ಟು ಯೋಜನೆಗಳು ನಿಂತಿವೆ?

ಇನ್ನೂ ಹಿಂದಕ್ಕೆ ಹೋಗೋಣ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆ ಎಂಬ ನಿಯಮವಿತ್ತು. ಸಂಘ ಮುಳುಗಿದರೆ ಪ್ರತಿ ಸದಸ್ಯನೂ ತನ್ನ ಆಸ್ತಿಯಿಂದ ಸಾಲ ತೀರಿಸಬೇಕು. ಈ ನಿಯಮದ ತೂಕ ಎಲ್ಲರಿಗೂ ಒಂದೇ ಅಲ್ಲ. ಎರಡು ಎಕರೆಯವನಿಗೆ ಕಳೆದುಕೊಳ್ಳಲು ಎರಡು ಎಕರೆ, ಗೌಡನಿಗೆ ಕಳೆದುಕೊಳ್ಳಲು ಬಹಳ. ಊರಿನಲ್ಲಿ ಹೊಲ-ಮನೆ ಹೆಚ್ಚು ಇದ್ದವರು ಅಂಥ ಸಂಘದ ಮುಂದಾಳಾಗುವುದೆಂದರೆ, ಬಡವನ ಸಾಲಕ್ಕೆ ತಮ್ಮ ಹೊಲವನ್ನು ಒತ್ತೆಯಿಡುವುದೇ ಆಗಿತ್ತು. ಬಡ್ಡಿ ಸಾಹುಕಾರನ ಬಾಗಿಲಿಗೆ ಹೋಗುವ ರೈತರು ಸಂಘದ ಬಾಗಿಲಿಗೆ ಬರಬೇಕಾದರೆ ಅಂಥ ಆಧಾರ ಬೇಕಿತ್ತು. ಪಾಟೀಲರನ್ನು ಸಹಕಾರ ಚಳವಳಿಯ ಪಿತಾಮಹ ಎಂದು ನೆನೆಯುವಾಗ ಈ ಹೊಣೆಯ ಮಾತನ್ನೂ ನೆನೆಯಬೇಕು.

ಇನ್ನು ಕುಸಿದ ಕಥೆ. ಅದು ನವಲಗುಂದದ್ದು.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು 1970ರ ದಶಕದಲ್ಲಿ ಕಾಲುವೆಗಳು ಈ ಕಡೆ ಹರಿದವು. ಸರಕಾರ ನೀರಾವರಿ ಜಮೀನಿನ ಬೆಲೆ ಏರಿದೆ ಎಂದು ಲೆಕ್ಕ ಹಾಕಿ ಅಭಿವೃದ್ಧಿ ಕರ ಹೇರಿತು, ನೀರಿನ ಕರವನ್ನೂ ಕೇಳಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ. ಹತ್ತಿಯ ಬೆಲೆ ಬಿದ್ದಿತ್ತು. ರೈತರು ಮನವಿ ಕೊಟ್ಟರು, ಸಮಿತಿ ಕಟ್ಟಿಕೊಂಡರು, ತಹಶೀಲ್ದಾರ ಕಚೇರಿಯೆದುರು ಕುಳಿತರು. ಕೇಳಬೇಕಾದವರು ಕೇಳಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಬಂದ್ ನಡೆದು ಗೋಲಿಬಾರು ಆಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ನರಗುಂದದ ಸಿಟ್ಟಿನಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಆ ಕಿಚ್ಚು ರಾಜ್ಯವನ್ನೆಲ್ಲ ಹಬ್ಬಿ ರೈತಸಂಘದ ಹುಟ್ಟಿಗೆ ದಾರಿಯಾಯಿತು. 1983ರ ಚುನಾವಣೆಯಲ್ಲಿ ಅದುವರೆಗೆ ರಾಜ್ಯದಲ್ಲಿ ಸೋಲು ಕಾಣದಿದ್ದ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಜುಲೈ 21 ಇಂದಿಗೂ ನಮಗೆ ರೈತ ಹುತಾತ್ಮ ದಿನ.

ಆ ದಿನವನ್ನು ನಿಮ್ಮ ಪಾಠದ ಕಣ್ಣಿನಿಂದ ನೋಡಿ. ಅಣೆಕಟ್ಟೆಯ ಕೀಲಿ ಸರಕಾರದ ಕೈಯಲ್ಲಿ. ಲೆಕ್ಕದ ಪುಸ್ತಕ ಸರಕಾರದ ಕೈಯಲ್ಲಿ. ಪೊಲೀಸರು ಸರಕಾರದ ಕೈಯಲ್ಲಿ. ಆದರೂ ಮೊದಲ ಕಂತನ್ನು ಕೇಳಿದ್ದು ರೈತನಿಂದ: ಮೊದಲು ಕರ ಕಟ್ಟು, ನೀರು ಆಮೇಲೆ ನೋಡೋಣ. ಎಲ್ಲ ಬಲ ತಮ್ಮಲ್ಲಿಟ್ಟುಕೊಂಡವರು ಏನೂ ಇಲ್ಲದವರಿಂದ ನಂಬಿಕೆಯನ್ನು ಮುಂಗಡವಾಗಿ ವಸೂಲು ಮಾಡಲು ಹೊರಟಾಗ ಆಗುವುದು ಇದೇ. ಸಂಶೋಧಕಿ ಎಲಿನಾರ್ ಓಸ್ಟ್ರಮ್ ಹಂಚಿಕೊಂಡು ಬಳಸುವ ನೀರು, ಕಾಡು, ಮೀನುಗಾರಿಕೆಗಳನ್ನು ಜಗತ್ತಿನಾದ್ಯಂತ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬಳಸುವವರೇ ನಿಯಮ ಮಾಡಿದಲ್ಲಿ, ಕಾವಲಿಡುವವರು ಬಳಸುವವರಿಗೇ ಉತ್ತರ ಹೇಳಬೇಕಾದಲ್ಲಿ ವ್ಯವಸ್ಥೆ ಬಹುಕಾಲ ಬಾಳುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯಗಳಲ್ಲಿ ಒಂದು. ಮಲಪ್ರಭೆಯ ಕಾಲುವೆಯ ಮೇಲೆ ಆ ಎರಡೂ ಇರಲಿಲ್ಲ.

ಸಹಯೋಗಕ್ಕೆ ಉದಾಹರಣೆ ಹುಡುಕಲು ನವಲಗುಂದ ಬಿಟ್ಟು ಹೋಗಬೇಕಾಗಿಲ್ಲ. ಊರಿನ ಜಮಖಾನೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು ನಿಮಗೆ ಗೊತ್ತಿರಬಹುದು. ಬಿಜಾಪುರದ ಆದಿಲಶಾಹಿ ಕಾಲದಿಂದ ಬಂದ ಕಲೆಯೆಂದು ಹೇಳುತ್ತಾರೆ. ನೇಯುವವರು ಮುಸ್ಲಿಂ ಸಮುದಾಯದ ಹೆಣ್ಣುಮಕ್ಕಳು. ಮಗ್ಗ ನೆಟ್ಟಗೆ ನಿಂತಿರುತ್ತದೆ, ಅದರ ಮುಂದೆ ಇಬ್ಬರು, ಕೆಲವೊಮ್ಮೆ ಹೆಚ್ಚು ಮಂದಿ ಪಕ್ಕಪಕ್ಕ ಕುಳಿತು ಬಣ್ಣಬಣ್ಣದ ಹತ್ತಿ ನೂಲನ್ನು ಕೈಯಿಂದ ಸೇರಿಸುತ್ತಾರೆ, ಪಂಜದಿಂದ ಬಡಿದು ಕೂರಿಸುತ್ತಾರೆ. ಪಗಡೆ ಹಾಸು, ನವಿಲು, ನಮಾಜಿನ ಚಾಪೆ, ಎಲ್ಲವೂ ಅದೇ ಮಗ್ಗದಲ್ಲಿ. ಒಬ್ಬಳ ಸಾಲು ಬಿಗಿಯಾಗಿ ಇನ್ನೊಬ್ಬಳದು ಸಡಿಲಾದರೆ ಹಾಸು ಸೊಟ್ಟಗಾಗುತ್ತದೆ. ಪಕ್ಕದವಳ ಕೈವೇಗ, ದಣಿವು, ಲೆಕ್ಕ, ಮೂರನ್ನೂ ತಿಳಿದೇ ನೇಯಬೇಕು. ಇದಕ್ಕಿಂತ ದೊಡ್ಡ ಸಹಯೋಗದ ಪಾಠಶಾಲೆ ನಮ್ಮ ಜಿಲ್ಲೆಯಲ್ಲಿಲ್ಲ.

ಆ ಪಾಠಶಾಲೆಯಲ್ಲಿ ಇಂದು ಮಗ್ಗಗಳು ಕಡಿಮೆಯಾಗುತ್ತಿವೆ. ದಿನವಿಡೀ ನೇಯ್ದವರಿಗೆ ಸಿಗುವ ಕೂಲಿಯಲ್ಲಿ ಮನೆ ನಡೆಯುವುದಿಲ್ಲ ಎಂದು ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಾರೆ. ಇಲ್ಲಿ ಸಹಯೋಗಕ್ಕೆ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಆ ಸಹಯೋಗದ ಫಲ ಹಂಚಿಕೆಯಾಗುವ ರೀತಿಯಲ್ಲಿ. ಕೂಡಿ ದುಡಿಯಿರಿ ಎಂದು ಹೇಳುವವರು ಕೂಡಿ ದುಡಿದದ್ದರ ಪಾಲು ಯಾರಿಗೆಷ್ಟು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಪಾಲಿನ ಮಾತಿಲ್ಲದ ಸಹಯೋಗ ದುಡಿಯುವವರನ್ನು ಇನ್ನಷ್ಟು ದುಡಿಸುವ ದಾರಿಯಾಗಿಬಿಡುತ್ತದೆ.

ಇದು ಹಳೆಯ ಕಥೆಯಲ್ಲ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಕುಳಿತರು. ಕೋವಿಡ್ ಕಾಲದಲ್ಲಿ ಮನೆಮನೆಯ ಬಾಗಿಲು ತಟ್ಟಿದವರು ಅವರು. ಬಾಣಂತಿಯನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವರು ಅವರು. ಎಲ್ಲ ವೇದಿಕೆಗಳಲ್ಲಿ ಅವರನ್ನು ಆರೋಗ್ಯ ಇಲಾಖೆಯ ಬೆನ್ನೆಲುಬು ಎಂದು ಕೊಂಡಾಡುತ್ತಾರೆ. ಖಚಿತವಾದ ಮಾಸಿಕ ಮೊತ್ತ ಕೊಡಿ ಎಂದು ಕೇಳಲು ಅವರು ರಾಜಧಾನಿಯ ನೆಲದ ಮೇಲೆ ಮಲಗಬೇಕಾಯಿತು. ನಮ್ಮ ತಂಡ ಎಂದು ಕರೆಯುವುದು ಸುಲಭ, ತಂಡದವರೆಂದು ಲೆಕ್ಕಕ್ಕೆ ಹಿಡಿಯುವುದು ಬೇರೆ.

ಆದ್ದರಿಂದ ನಿಮ್ಮಲ್ಲಿ ನಾಲ್ಕು ವಿನಂತಿ.

ಮೊದಲನೆಯದು, ನಿಮ್ಮ ತರಬೇತಿಗೆ ಬರುವ ಪ್ರತಿಯೊಬ್ಬ ಮುಖ್ಯಸ್ಥರನ್ನೂ ಕೇಳಿ: ನಿಮ್ಮ ಕೈಕೆಳಗಿನವರಲ್ಲಿ ಯಾರ ಮೈಮೇಲೆ ಅತಿ ಹೆಚ್ಚು ಭಾರವಿದೆ, ಮುಂದಿನ ತಿಂಗಳೊಳಗೆ ಅದರಲ್ಲಿ ಯಾವುದನ್ನು ಇಳಿಸುತ್ತೀರಿ? ಬರೆದು ಕೊಡಲಿ.

ಎರಡನೆಯದು, ಅವರು ಯಾವ ಅಧಿಕಾರವನ್ನು, ಯಾವ ಮಾಹಿತಿಯನ್ನು, ಎಷ್ಟು ಹಣದ ತೀರ್ಮಾನವನ್ನು ಕೆಳಗಿನವರ ಕೈಗೆ ಮೊದಲೇ ಬಿಟ್ಟುಕೊಡುತ್ತಾರೆ ಎಂದು ಕೇಳಿ. ಏನನ್ನೂ ಬಿಟ್ಟುಕೊಡದವರು ವಿಶ್ವಾಸದ ಬಗ್ಗೆ ಮಾತಾಡುವುದು ಬೇಡ.

ಮೂರನೆಯದು, ಲೆಕ್ಕವನ್ನು ಎಲ್ಲರೆದುರು ಓದುವ ರೂಢಿಯನ್ನು ಕಚೇರಿಗಳಿಗೆ ಕಲಿಸಿ. ಓದುವಾಗ ಮುಖ್ಯಸ್ಥರ ಬಾಕಿ ಮೊದಲು ಬರಲಿ, ಅವರು ತಡಮಾಡಿದ ಕಡತ, ತಪ್ಪಿದ ಮಾತು ಮೊದಲು ಬರಲಿ. ಆಮೇಲೆ ಉಳಿದವರ ಬಾಯಿ ತಾನಾಗಿ ತೆರೆಯುತ್ತದೆ.

ನಾಲ್ಕನೆಯದು, ತೀರ್ಥದ ಸಂಘದವರನ್ನು, ನವಲಗುಂದದ ನೇಕಾರರನ್ನು, ಊರೂರಿನ ಆಶಾ ಕಾರ್ಯಕರ್ತೆಯರನ್ನು ನಿಮ್ಮ ಸಭಾಂಗಣಕ್ಕೆ ಬೋಧಕರಾಗಿ ಕರೆಯಿರಿ. ಉದ್ಘಾಟನೆಗೆ ಕರೆದು ಶಾಲು ಹೊದಿಸಿ ಕಳಿಸಬೇಡಿ. ನೀವು ಪಡೆಯುವ ಸಂಭಾವನೆಯನ್ನೇ ಅವರಿಗೂ ಕೊಡಿ, ಆ ದಿನದ ಕೂಲಿ ಹೋಗದಂತೆ ನೋಡಿಕೊಳ್ಳಿ, ಹೋಗಿಬರುವ ಗಾಡಿಯ ವ್ಯವಸ್ಥೆ ಮಾಡಿ. ಅವರು ಮಾತಾಡುವಾಗ ನೀವು ಕೆಳಗಿನ ಸಾಲಿನಲ್ಲಿ ಕುಳಿತು ಬರೆದುಕೊಳ್ಳಿ.

ಈ ನಾಲ್ಕಕ್ಕೂ ಖರ್ಚು ಇದೆ. ಅದಕ್ಕೇ ಇವನ್ನು ಕೇಳುತ್ತಿದ್ದೇನೆ. ಖರ್ಚಿಲ್ಲದ ಸಹಾನುಭೂತಿಯನ್ನು ಈ ಹಳ್ಳಿಗಳು ಬೇಕಾದಷ್ಟು ಕಂಡಿವೆ, ಅದನ್ನು ನಂಬಿ ಕೆಟ್ಟೂ ಇವೆ. ಸಿದ್ದನಗೌಡರ ಸಂಘದಲ್ಲಿ ಹೊಲ ಒತ್ತೆಯಾಗಿತ್ತು, ಮೈರಾಡದ ಕಥೆಯಲ್ಲಿ ಹಣ ಪಣಕ್ಕಿತ್ತು, ಬೀಜ ಬ್ಯಾಂಕಿನಲ್ಲಿ ವರ್ಷದ ಬೀಜ ಪಣಕ್ಕಿರುತ್ತದೆ. ನಿಮ್ಮ ಪಾಠ ಕಲಿತ ನಾಯಕರು ಏನನ್ನು ಪಣಕ್ಕಿಡುತ್ತಾರೆ ಎಂಬುದು ತಿಳಿದ ದಿನ, ಅವರ ತಂಡ ಅವರನ್ನು ನಂಬಬೇಕೋ ಬೇಡವೋ ಎಂಬುದು ತಂಡಕ್ಕೇ ತಿಳಿಯುತ್ತದೆ. ಅದನ್ನು ಮುಂದಿನ ತರಬೇತಿಯ ಮೊದಲ ತಾಸಿನಲ್ಲೇ ಕೇಳಿ.

ಇಂತಿ ನಿಮ್ಮ ವಿಶ್ವಾಸಿ,
ಕುಂದಗೋಳ ತಾಲೂಕಿನ ಒಬ್ಬ ರೈತ ಓದುಗ